ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿ ನಿಜವಾದದ್ದೇ ಅನ್ನಿಸಬೇಕಾದರೆ ಏನು ಮಾಡಬೇಕು?

ಜಾಹೀರಾತಿಗೆ ಕಂಪ್ಯೂಟರಿನಲ್ಲಿ ಪ್ರಾಣಿ ಮಾಡುವಾಗ ಎಲ್ಲಕ್ಕಿಂತ ಕಷ್ಟ ಕೂದಲೇನಾ ಅಂತ ಕೇಳಿದ್ದೀರಿ. ಕೂದಲು ಕಷ್ಟ, ನಿಜ. ಆದರೆ ನನಗೆ ಅದಕ್ಕಿಂತ ಕಷ್ಟವಾದದ್ದು ಪ್ರಾಣಿಯನ್ನು ಸರಿಯಾಗಿ ನೋಡುವುದು.

ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿದ್ದಾಗ ಪಶು ಆಹಾರದ ಜಾಹೀರಾತಿಗೆ ಹಳ್ಳಿಕಾರ್ ಎತ್ತು ಮಾಡಿದ್ದೆವು. ಮೊದಲ ಸಲ ತೋರಿಸಿದಾಗ ಎಲ್ಲರಿಗೂ ಇಷ್ಟವಾಯಿತು. ಮಂಡ್ಯ ಕಡೆಯ ರೈತರೊಬ್ಬರು ಮಾತ್ರ ಪರದೆ ಹತ್ತಿರ ಬಂದು, "ಮ್ಯಾಲೆ ಮುಂದ್ಲು ಹಲ್ಲು ಯಾಕೆ ಮಡಗಿದ್ದೀರಪ್ಪಾ?" ಅಂದರು. ದನಕ್ಕೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಮೇಲೆ ಬರೀ ಗಟ್ಟಿ ವಸಡು. ಇನ್ನೊಂದು ತಪ್ಪೂ ಇತ್ತು. ನಮ್ಮ ಎತ್ತು ಮುಂಗಾಲೂರಿ ಏಳುತ್ತಿತ್ತು. ಅದು ಕುದುರೆ ಏಳುವ ರೀತಿ. ದನ ಮೊದಲು ಹಿಂಭಾಗ ಎತ್ತುತ್ತದೆ.

ಆಮೇಲೆ ಕ್ಯಾಮೆರಾ ಹಿಡಿದು ಅವರ ಕೊಟ್ಟಿಗೆಯಲ್ಲೇ ಎರಡು ದಿನ ಕೂತೆವು. ನೊಣ ಕೂತರೆ ಆ ಜಾಗದ ಚರ್ಮ ಅಷ್ಟೇ ಅದುರುತ್ತದೆ, ಕಾಲು ಅಲುಗುವುದೇ ಇಲ್ಲ. ಮೆಲುಕು ಹಾಕುವಾಗ ಕೆಳದವಡೆ ಪಕ್ಕಕ್ಕೆ ಸುತ್ತುತ್ತದೆ. ನುಂಗಿ ಸ್ವಲ್ಪ ಸುಮ್ಮನಿರುತ್ತದೆ, ಮತ್ತೆ ಕತ್ತಿನಲ್ಲಿ ಉಂಡೆ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಹೆಜ್ಜೆ ಇಟ್ಟ ಮೇಲೆ, ಒಂಚೂರು ತಡವಾಗಿ, ಗಂಗೆದೊಗಲು ತೂಗುತ್ತದೆ. ಆ ತಡ ಇಲ್ಲದಿದ್ದರೆ ಎತ್ತಿಗೆ ತೂಕವೇ ಇಲ್ಲ ಅನ್ನಿಸುತ್ತದೆ.

ಇದೆಲ್ಲ ಬರಬೇಕಾದರೆ ರಿಗ್‌ನಲ್ಲಿ, ಅಂದರೆ ಪ್ರಾಣಿಯನ್ನು ಅಲುಗಾಡಿಸಲು ಒಳಗೆ ಕಟ್ಟುವ ಚೌಕಟ್ಟಿನಲ್ಲಿ, ಮೂಳೆ, ಅದರ ಮೇಲೆ ಸ್ನಾಯು, ಅದರ ಮೇಲೆ ಜಾರುವ ಚರ್ಮ ಬೇಕು. ಹಳ್ಳಿಕಾರಿಗೆ ಗಿಡ್ಡ ಕೂದಲು. ಹಾಗಾಗಿ ಒಳಗಿನ ತಪ್ಪು ಯಾವುದೂ ಮುಚ್ಚುವುದಿಲ್ಲ. ಕೂದಲು ನಾವು ಎಕ್ಸ್‌ಜೆನ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದೆವು. ಎಲ್ಲ ಕಡೆ ಒಂದೇ ಉದ್ದ, ಒಂದೇ ದಿಕ್ಕು ಕೊಟ್ಟರೆ ಅದು ಬೊಂಬೆ, ಅಲ್ವಾ? ನೊಗ ಉಜ್ಜುವ ಕಡೆ ಕೂದಲು ಸವೆದಿರಬೇಕು. ತೊಡೆಗೆ ಒಣಗಿದ ಸಗಣಿ ಅಂಟಿರಬೇಕು. ಹಿಂದಿನಿಂದ ಬಿಸಿಲು ಬಿದ್ದರೆ ಕಿವಿಯ ಅಂಚು ಕೆಂಪಗೆ ಹೊಳೆಯಬೇಕು. ಚರ್ಮದೊಳಗೆ ಬೆಳಕು ಹೊಕ್ಕು ಹರಡುವ ಇದಕ್ಕೆ ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಅನ್ನುತ್ತಾರೆ.

ಅಲ್ಲಿನ ಬೆಳಕು ಹೇಗಿತ್ತು ಅಂತ ಆಮೇಲೆ ಗೊತ್ತಾಗಲು ಶೂಟಿಂಗ್ ಜಾಗದಲ್ಲಿ ಕ್ರೋಮ್ ಬಾಲ್ (ಕನ್ನಡಿಯಂತೆ ಹೊಳೆಯುವ ಚೆಂಡು), ಗ್ರೇ ಬಾಲ್ (ಬೂದು ಚೆಂಡು) ಇಟ್ಟು ಫೋಟೋ ತೆಗೆಯಿರಿ, ಸುತ್ತಲಿನ ಬೆಳಕನ್ನೆಲ್ಲ ಹಿಡಿದಿಡುವ ಎಚ್‌ಡಿಆರ್‌ಐ ಫೋಟೋ ಕೂಡ. ಎಷ್ಟೇ ಅವಸರವಿದ್ದರೂ 10 ನಿಮಿಷ ಕೇಳಿ ಪಡೆಯಿರಿ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಅಂದರೆ 30 ಸೆಕೆಂಡಿನ ಜಾಹೀರಾತಿಗೆ 750 ಫ್ರೇಮ್. ಬೆಳಕು ಹೊಂದದಿದ್ದರೆ ಎತ್ತು ಇರುವಷ್ಟೂ ಫ್ರೇಮ್ ಮತ್ತೆ ರೆಂಡರ್ ಮಾಡಬೇಕು, ಅಂದರೆ ಕಂಪ್ಯೂಟರಿನಿಂದ ಅಂತಿಮ ಚಿತ್ರ ಮತ್ತೆ ತೆಗೆಸಬೇಕು.

ದುಡ್ಡು ಕಮ್ಮಿ ಇದ್ದರೆ ಕೂದಲಿನ ಸಂಖ್ಯೆ ಇಳಿಸಿ, ಪರವಾಗಿಲ್ಲ. ಗೊರಸು ನೆಲಕ್ಕೆ ತಾಗುವಲ್ಲಿನ ನೆರಳು, ಏಳುವ ಧೂಳು, ಇವೆರಡನ್ನು ಮಾತ್ರ ಕೊನೆಯ ದಿನಕ್ಕೆ ಬಿಡಬೇಡಿ.