ಹೊಸ ಹೌಸಿಂಗನ್ನು ನೀರಿಗಿಳಿಸುವ ಮುನ್ನ

ಪ್ರಶ್ನೆ: ನೀರಿನಾಳದಲ್ಲಿ ಚಿತ್ರ ತೆಗೆಯಬೇಕೆಂದು ನನ್ನ ಕ್ಯಾಮೆರಾಕ್ಕೆ 40 ಮೀಟರ್ ಆಳದವರೆಗೆ ಬಳಸಬಹುದಾದ ಪ್ಲಾಸ್ಟಿಕ್ ಹೌಸಿಂಗ್ (ನೀರು ನುಗ್ಗದಂತೆ ಕ್ಯಾಮೆರಾವನ್ನು ಮುಚ್ಚಿಡುವ ಪೆಟ್ಟಿಗೆ) ಒಂದನ್ನು ಕೊಂಡಿದ್ದೇನೆ. ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿದರೆ ಪರೀಕ್ಷೆ ಮುಗಿಯಿತೇ? ಬಕೆಟ್ಟಿನಲ್ಲಿ ಸೋರದೆ ಇದ್ದದ್ದು ಆಳದಲ್ಲಿ ಸೋರಬಹುದೆಂಬ ಭಯವಿದೆ. ಮುಚ್ಚಳದ ಸಂದಿಯನ್ನು ಬಿಗಿಗೊಳಿಸುವ ರಬ್ಬರ್ ಉಂಗುರಕ್ಕೆ, ಅಂದರೆ ಓ-ರಿಂಗಿಗೆ, ಗ್ರೀಸನ್ನು ಎಷ್ಟು ಹಚ್ಚಬೇಕು?

ಉತ್ತರ: ಬಕೆಟ್ಟಿನ ಪರೀಕ್ಷೆಯನ್ನು ನೀವು ಹಗುರವಾಗಿ ಕಾಣಬೇಡಿ, ಹೌಸಿಂಗ್‌ಗಳು ಬಹುಪಾಲು ಸೋರುವುದು ಮೊದಲ ಒಂದೆರಡು ಮೀಟರಿನಲ್ಲಿಯೇ. 10 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಹೆಚ್ಚುವರಿ ಭಾರ ಬೀಳುವುದರಿಂದ, 15 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಹಿಂಬದಿ ಮುಚ್ಚಳವನ್ನು ಸುಮಾರು 150 ಕಿಲೋಗ್ರಾಂ ಬಲ ಒಳಕ್ಕೆ ಒತ್ತುತ್ತದೆ, ಮತ್ತು ಆ ಬಲವೇ ಓ-ರಿಂಗನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಮೇಲ್ಮೈಯ ಹತ್ತಿರ ಈ ನೆರವು ಇರುವುದಿಲ್ಲ. ಅಲ್ಲಿ ಒಂದು ಕೂದಲೆಳೆ ಅಥವಾ ಮರಳಿನ ಕಣ ಅಡ್ಡ ಬಂದಿದ್ದರೂ ನೀರಿಗೆ ದಾರಿ ಸಿಕ್ಕಂತೆ.

ಆದ್ದರಿಂದ ಮೊದಲ ಗಮನವೆಲ್ಲ ಓ-ರಿಂಗಿಗೆ ಸಲ್ಲಬೇಕು. ಅದನ್ನು ಎರಡು ಬೆರಳುಗಳಿಂದ ಬದಿಗೆ ತಳ್ಳಿ, ಉಬ್ಬಿ ಬಂದ ಭಾಗವನ್ನು ಹಿಡಿದು ಬಿಡಿಸಿಕೊಳ್ಳಿ. ಸೂಜಿ, ಚಾಕುಗಳನ್ನು ಮುಟ್ಟಿಸಲೇಬೇಡಿ, ಏಕೆಂದರೆ ಅದು ಕೂರುವ ತೋಡಿನಲ್ಲಿ ಗೀರು ಬಿದ್ದರೆ ಓ-ರಿಂಗ್ ಬದಲಿಸಿದರೂ ಉಪಯೋಗವಾಗದು. ತೋಡನ್ನೂ ಅದರ ಎದುರಿನ ಅಂಚನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಹತ್ತಿ ಬಳಸಿದರೆ ಅದರ ನೂಲೇ ಸೋರಿಕೆಗೆ ಕಾರಣವಾದೀತು. ಓ-ರಿಂಗನ್ನು ಬೆರಳುಗಳ ನಡುವೆ ನಿಧಾನವಾಗಿ ಜಾರಿಸುತ್ತ ಹೋದರೆ, ಕಣ್ಣಿಗೆ ಕಾಣದ ಬಿರುಕು ಕೈಗೆ ತಿಳಿಯುತ್ತದೆ.

ಗ್ರೀಸ್ ನೀರನ್ನು ತಡೆಯುತ್ತದೆಂಬುದು ತಪ್ಪು ತಿಳಿವಳಿಕೆ. ನೀರನ್ನು ತಡೆಯುವುದು ಓ-ರಿಂಗ್. ಅದು ಹೊರಳದೆ, ಎಳೆದುಕೊಳ್ಳದೆ ತನ್ನ ಜಾಗಕ್ಕೆ ಜಾರಿ ಕೂರಲು ಮಾತ್ರ ಗ್ರೀಸ್ ಬೇಕು. ಉಂಗುರದುದ್ದಕ್ಕೂ ತೆಳುವಾದ ಹೊಳಪು ಕಂಡರೆ ಸಾಕು, ಅದಕ್ಕಿಂತ ಹೆಚ್ಚಾದದ್ದು ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ. ಹೌಸಿಂಗಿನೊಂದಿಗೆ ಬಂದ ಗ್ರೀಸನ್ನೇ ಬಳಸಿ. ಓ-ರಿಂಗ್ ಸಿಲಿಕೋನಿನದಾಗಿದ್ದರೆ ಸಾಮಾನ್ಯ ಸಿಲಿಕೋನ್ ಗ್ರೀಸ್ ಅದನ್ನು ಉಬ್ಬಿಸಿ ಹಾಳುಮಾಡಬಲ್ಲದು.

ಈಗ ಪರೀಕ್ಷೆ. ಕ್ಯಾಮೆರಾ ಇಡಬೇಡಿ, ಒಳಗೆ ಒಣಗಿದ ಟಿಶ್ಯೂ ಕಾಗದವನ್ನು ಹರಡಿ, ಮುಚ್ಚಳದ ಸುತ್ತ ಓ-ರಿಂಗ್ ಎಲ್ಲಿಯೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಚಿಲಕ ಹಾಕಿ. ನೀರಿನೊಳಗೆ ಒತ್ತಿಹಿಡಿದಾಗ ಹೊರಮೈಗೆ ಅಂಟಿದ್ದ ಗಾಳಿ ಒಂದೆರಡು ಗುಳ್ಳೆಯಾಗಿ ಹೋಗುವುದು ಸಹಜ, ಆದರೆ ಒಂದೇ ಜಾಗದಿಂದ ಸಾಲಾಗಿ ಗುಳ್ಳೆಗಳು ಬರುತ್ತಿದ್ದರೆ ತಕ್ಷಣ ಮೇಲಕ್ಕೆತ್ತಿ. ಅರ್ಧ ಗಂಟೆ ಮುಳುಗಿಸಿಟ್ಟು, ಆ ಅವಧಿಯಲ್ಲಿ ಎಲ್ಲ ಗುಂಡಿಗಳನ್ನೂ ಮತ್ತೆ ಮತ್ತೆ ಒತ್ತಿ. ತೆರೆಯುವ ಮೊದಲು ಹೊರಗಿನ ನೀರನ್ನು ಪೂರ್ತಿ ಒರೆಸದಿದ್ದರೆ, ಅಂಚಿನಿಂದ ಬಿದ್ದ ಹನಿಯನ್ನೇ ಸೋರಿಕೆಯೆಂದು ಭ್ರಮಿಸುವಿರಿ.

ಆಳದ ಬಗೆಗಿನ ನಿಮ್ಮ ಭಯವೂ ನಿರಾಧಾರವಲ್ಲ. ಗುಂಡಿಗಳ ಕಡ್ಡಿಗಳಲ್ಲಿರುವ ಪುಟ್ಟ ಓ-ರಿಂಗ್‌ಗಳು ಹೇಗಿವೆ, ಒತ್ತಿದ ಗುಂಡಿ ಒತ್ತಡದಲ್ಲಿ ಹಿಂದಕ್ಕೆ ಬರುತ್ತದೆಯೇ ಎಂಬುದು ಬಕೆಟ್ಟಿನಲ್ಲಿ ತಿಳಿಯದು. ಹಾಗಾಗಿ ಮೊದಲ ಡೈವ್‌ನಲ್ಲಿಯೂ ಹೌಸಿಂಗನ್ನು ಬರಿದಾಗಿಯೇ ಒಯ್ಯಿರಿ. ಒಂದು ಡೈವ್‌ನ ಚಿತ್ರಗಳು ಹೋದರೂ ಕ್ಯಾಮೆರಾ ಉಳಿಯುತ್ತದೆ. 1 ಲೀಟರ್ ಗಾತ್ರದ ಹೌಸಿಂಗನ್ನು ನೀರು ಸುಮಾರು 1 ಕಿಲೋಗ್ರಾಂ ಬಲದಿಂದ ಮೇಲಕ್ಕೆತ್ತುವುದರಿಂದ, ಕ್ಯಾಮೆರಾದಷ್ಟೇ ತೂಕದ ಸೀಸವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಬೇಕಾಗುತ್ತದೆ.

ಮುಂದಿನ ದಿನಗಳಲ್ಲಿ ಗಾಜಿನ ಒಳಬದಿಯಲ್ಲಿ ಮಂಜು ಕಂಡರೆ ಗಾಬರಿಯಾಗಬೇಡಿ. ಬೆಚ್ಚಗಿನ, ತೇವದ ಗಾಳಿಯಲ್ಲಿ ಮುಚ್ಚಿದ ಹೌಸಿಂಗ್ ತಣ್ಣೀರಿಗಿಳಿದಾಗ ಹಾಗಾಗುತ್ತದೆ. ತಂಪಾದ ಒಣ ಕೋಣೆಯಲ್ಲಿ ಮುಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಓ-ರಿಂಗಿಗೆ ತಾಗದಂತೆ ಇಟ್ಟರೆ ನಿಲ್ಲುತ್ತದೆ. ಆದರೆ ಪರೀಕ್ಷೆಯಲ್ಲಿ ಟಿಶ್ಯೂ ನೆನೆದಿದ್ದರೆ, ಅದು ಯಾವ ಮೂಲೆಯಲ್ಲಿ ಒದ್ದೆಯಾಗಿದೆಯೆಂದು ಗುರುತು ಹಾಕಿಕೊಂಡು, ಓ-ರಿಂಗನ್ನು ತೊಳೆದು ಮರಳಿ ಕೂರಿಸಿ ಇನ್ನೊಮ್ಮೆ ನೋಡಿ. ಎರಡನೆಯ ಸಲವೂ ಅದೇ ಮೂಲೆ ನೆನೆದರೆ, ನೀವೇ ಬಿಚ್ಚಿ ಸರಿಪಡಿಸಲು ಹೋಗದೆ ಹೌಸಿಂಗನ್ನು ಕೊಂಡಲ್ಲಿಗೆ ಹಿಂದಿರುಗಿಸಿ.