ಹಂಪಿಯಲ್ಲಿ ನೀರು ನೋಡಿದಿರಾ?

ಪತ್ರ: ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಸುಸ್ತಾದರು. ವಿರೂಪಾಕ್ಷನ ದರ್ಶನ, ಕಲ್ಲಿನ ರಥ ಆದ ಮೇಲೆ ಬರೀ ಮುರಿದ ಕಂಬಗಳೇ. ಸರ್ಕಾರ ಈ ಗುಡಿಗಳನ್ನೆಲ್ಲ ಮತ್ತೆ ಕಟ್ಟಿಸಬಾರದೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಬಿಸಿಲಿನ ಮಾತು ಒಪ್ಪಿದೆ. ಕುಸಿಯುವ ಗೋಡೆಗೆ ಆಸರೆ ಕೊಡಬೇಕು, ಅದೂ ಸರಿ. ಆದರೆ ಮತ್ತೆ ಕಟ್ಟಿಸಿ ಅಂತೀರಲ್ಲ, ಏನನ್ನು ಸ್ವಾಮೀ? ನೀವು ನೋಡಿ ಬಂದಿದ್ದು 50 ರೂಪಾಯಿ ನೋಟಿನ ಹಿಂದಿರುವ ಹಂಪಿ. ಅದು ಬರೀ ಗುಡಿಗಳ ಸಾಲಲ್ಲ, ಜನ ಬದುಕಿದ್ದ ಪಟ್ಟಣ, ಅಲ್ವಾ? ಈ ಬಂಡೆಗಳ ನಡುವೆ ಅಷ್ಟು ಜನಕ್ಕೆ ನೀರು ಎಲ್ಲಿಂದ ಬಂತು ಅಂತ ಮಕ್ಕಳು ಕೇಳಲಿಲ್ಲವೇ?

ಅರಮನೆ ಆವರಣದ ಪುಷ್ಕರಣಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. 1980ರ ದಶಕದಲ್ಲಿ ಅಗೆದು ತೆಗೆಯುವವರೆಗೂ ಅದು ಮಣ್ಣಿನಡಿ ಇತ್ತು. ಕರಿಕಲ್ಲಿನ ಮೆಟ್ಟಿಲುಗಳನ್ನು ಬಗ್ಗಿ ನೋಡಿ. ಯಾವ ದಿಕ್ಕು, ಎಷ್ಟನೇ ಸಾಲು ಅಂತ ಗುರುತು ಕೊರೆದಿದ್ದಾರೆ. ಪಕ್ಕದಲ್ಲೇ ಕಂಬಗಳ ಮೇಲೆ ನೀರು ಹಾಯಿಸುತ್ತಿದ್ದ ಕಲ್ಲಿನ ಕಾಲುವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊಸ ಕೆರೆಯೊಂದರ ಕೆಲಸಕ್ಕೆ 15–20 ಸಾವಿರ ಆಳುಗಳು ಇರುವೆಗಳ ಹಾಗೆ ಮುತ್ತಿದ್ದರು, ನೆಲವೇ ಕಾಣುತ್ತಿರಲಿಲ್ಲ ಅಂತ ಬರೆದಿಟ್ಟಿದ್ದಾನೆ.

1565ರ ತಾಳಿಕೋಟೆ ಯುದ್ಧದ ನಂತರ ಅರಮನೆ ಹೋಯಿತು, ಪೇಟೆ ಹೋಯಿತು. ಆದರೆ ಹೊಳೆಯ ನೀರು ತರಲು ಆ ಕಾಲದಲ್ಲೇ ತೋಡಿದ, ‘ತುರ್ತು’ ಎಂಬ ಹೆಸರಿನ ಕಾಲುವೆ ಹೋಗಲಿಲ್ಲ. ಇವತ್ತಿಗೂ ಹಂಪಿಯ ಬಾಳೆ, ಭತ್ತಕ್ಕೆ ಅದರ ನೀರೇ. ಉಗ್ರನರಸಿಂಹನ ಪಕ್ಕದ ಬಡವಿಲಿಂಗ ನಿಂತಿರುವುದೂ ನೀರಲ್ಲೇ. ಮುರಿಯದೆ ಉಳಿದದ್ದನ್ನು ಬಿಟ್ಟು ಮುರಿದ ಕಂಬ ಎಣಿಸಿಕೊಂಡು ಬಂದಿರಿ!

ನಿಮ್ಮೊಬ್ಬರನ್ನೇ ಬೈದು ಏನು ಬಂತು? ಶಾಲೆ ಪ್ರವಾಸದಲ್ಲಿ ಮೇಷ್ಟ್ರು ತೋರಿಸುವುದೂ ರಥವನ್ನೇ. ಅಪ್ಪ, ಅಜ್ಜ ಕಟ್ಟಿದ ಕೆರೆ ಉಳಿಸಿಕೊಳ್ಳುವ ಬುದ್ಧಿ ನಮಗೆಲ್ಲಿದೆ? ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಇಂಥ ನಾವು ರಾಯರ ಕಾಲದ ಗುಡಿ ಕಟ್ಟಲು ಹೊರಟರೆ ಸಿಮೆಂಟಿನ ಕಂಬಕ್ಕೆ ಬಣ್ಣ ಬಳಿದು, ಗೇಟಿನಲ್ಲಿ ಟಿಕೆಟ್ ಹರಿಯುತ್ತೇವೆ ಅಷ್ಟೆ.

ಕೂತು ಪತ್ರ ಬರೆಯುವಷ್ಟು ಕಾಳಜಿ ನಿಮಗಿದೆ, ಅದೇ ಜಾಸ್ತಿ. ಡಿಸೆಂಬರಿನಲ್ಲಿ ಇನ್ನೊಮ್ಮೆ ಹೋಗಿ. ಮೊದಲು ಕಮಲಾಪುರದ ಮ್ಯೂಸಿಯಂ. ಒಳಗೆ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ. ಹೊಳೆ ಎಲ್ಲಿ, ಗುಡ್ಡ ಎಲ್ಲಿ, ಊರು ಎಲ್ಲಿ ಅಂತ ಮಕ್ಕಳೇ ಹುಡುಕಲಿ. ರಥವನ್ನು ಸಂಜೆ ನೋಡಿದರಾಯಿತು.