ಹಿತ್ತಾಳೆ, ಬೆಳ್ಳಿ ಮೇಲೆ ಕೈಯಲ್ಲೇ ಕೆತ್ತೋಕೆ ಏನೇನು ಬೇಕು? ರೇಟ್ ಹೇಗೆ ಹಾಕೋದು?

ನೀವು ಮೂರು ವಿಷಯ ಕೇಳಿದ್ದೀರಿ. ಶುರು ಮಾಡೋಕೆ ಯಾವ ಸಾಮಾನು ಬೇಕು, ಗಾಳಿ ಒತ್ತಡದಲ್ಲಿ ಓಡುವ ಮಷೀನನ್ನು ಈಗಲೇ ತಗೊಳ್ಳಬೇಕಾ, ಆರ್ಡರ್ ಬಂದರೆ ಎಷ್ಟು ಕೇಳಬೇಕು. ಎರಡು ತಿಂಗಳಲ್ಲಿ ಅಕ್ಕನ ಮದುವೆ, ಬೆಳ್ಳಿ ತಟ್ಟೆ ಮೇಲೆ ಹೆಸರು ಕೆತ್ತಿ ಕೊಡಬೇಕು ಅಂತಲೂ ಬರೆದಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮಷೀನು ಬೇಡ. ಒಂದು ವರ್ಷವಾದರೂ ಬೇಡ. ಮೊನೆ ಮಸೆಯೋಕೆ ಬರದೆ ಮಷೀನು ತಂದರೆ ಅದೇ ತಪ್ಪನ್ನು ಇನ್ನೂ ಬೇಗ ಮಾಡುತ್ತೀರಿ, ಅಷ್ಟೇ.

ಬೇಕಾಗಿರೋದು ಇಷ್ಟು: ಹೈಸ್ಪೀಡ್ ಸ್ಟೀಲಿನ ಎರಡು ಚೌಕ ಗ್ರೇವರ್ (ಕೈಯಿಂದ ತಳ್ಳಿ ಕೆತ್ತುವ ಉಳಿ), ಅಂಗೈಯಲ್ಲಿ ಕೂರುವಂಥ ಅಣಬೆ ಆಕಾರದ ಮರದ ಹಿಡಿ, 600 ಮತ್ತು 1200 ನಂಬರಿನ ಡೈಮಂಡ್ ಪ್ಲೇಟು, ತಲೆಗೆ ಹಾಕಿಕೊಳ್ಳುವ ಭೂತಗನ್ನಡಿ, ಮರಳು ತುಂಬಿದ ಚರ್ಮದ ಚೀಲ, ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡು. ತಗಡನ್ನು ಮರದ ತುಂಡಿಗೆ ಫೆವಿಕ್ವಿಕ್‌ನಲ್ಲಿ ಅಂಟಿಸಿ, ಕೆಲಸ ಮುಗಿದ ಮೇಲೆ ಅಸಿಟೋನಿನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಬಟ್ಟಲು, ಭರಣಿಯಂಥ ಪೊಳ್ಳು ಪದಾರ್ಥಕ್ಕೆ ಇದು ನಡೆಯಲ್ಲ. ಒಳಗೆ ಅರಗು ತುಂಬಲೇಬೇಕು, ಇಲ್ಲದಿದ್ದರೆ ತೆಳು ಬೆಳ್ಳಿ ನೆಗ್ಗುತ್ತದೆ.

ಈಗ ಮಸೆಯೋದು. ನನ್ನ ಮೊದಲ ಆರು ತಿಂಗಳು ಹಾಳಾಗಿದ್ದೇ ಇಲ್ಲಿ. ಉಳಿಯ ಮುಖವನ್ನು ಸುಮಾರು 45 ಡಿಗ್ರಿಗೆ ಮಸೆಯಿರಿ, ಕೆಳಗಿನ ಎರಡು ಮೈಗೂ 15ರಿಂದ 20 ಡಿಗ್ರಿಯಷ್ಟು ಚಿಕ್ಕ ಹಿಮ್ಮಡಿ, ಅಂದರೆ ಮೊನೆಯ ಅಡಿಯಲ್ಲಿ ಸಣ್ಣ ಓರೆ, ಕೊಡಿ. ಹಿಮ್ಮಡಿ ಇಲ್ಲದಿದ್ದರೆ ಉಳಿ ಒಳಗೇ ಹೂತುಕೊಂಡು ಹೋಗುತ್ತದೆ, ಮೇಲೆ ಎತ್ತೋಣ ಅಂದರೆ ಕೈ ಹೋಗಿ ತಗಡಿಗೆ ತಾಗುತ್ತದೆ. ಹಿಮ್ಮಡಿ ಉದ್ದ ಆದರೆ ತಿರುವುಗಳಲ್ಲಿ ಗೆರೆಯ ಹೊರಅಂಚನ್ನು ಕೆರೆಯುತ್ತದೆ. ಕೆತ್ತಿದ ಗೆರೆ ಮಿಂಚಬೇಕಾದರೆ ಹಿಮ್ಮಡಿಯೂ ಕನ್ನಡಿಯಂತಿರಬೇಕು, ಯಾಕೆಂದರೆ ಅದರ ಮೇಲಿರುವ ಗೀರೆಲ್ಲ ಗೆರೆಯೊಳಗೂ ಬೀಳುತ್ತದೆ. ಚೂಪಾಗಿದೆಯಾ ಅಂತ ನೋಡೋಕೆ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಇಡಿ. ಕಚ್ಚಿ ನಿಂತರೆ ಸರಿ, ಜಾರಿದರೆ ಮತ್ತೆ ಪ್ಲೇಟಿಗೆ. ಭೂತಗನ್ನಡಿಯಲ್ಲಿ ಮೊನೆ ಮೇಲೆ ಚುಕ್ಕಿಯಷ್ಟು ಹೊಳಪು ಕಂಡರೂ ಮೊನೆ ಮುರಿದಿದೆ ಅಂತಲೇ ಅರ್ಥ. ಮೊಂಡು ಉಳಿಗೆ ಜಾಸ್ತಿ ಒತ್ತಡ ಹಾಕುತ್ತೀರಿ, ಅದು ಜಾರುತ್ತದೆ, ಜಾರಿದ್ದು ಎಡಗೈಗೆ ಚುಚ್ಚುತ್ತದೆ. ಉಳಿಯ ಮುಂದೆ ಯಾವತ್ತೂ ಕೈ ಇಡಬೇಡಿ.

ತಿರುವು ಬಂದಾಗ ಉಳಿ ತಿರುಗಿಸೋದಲ್ಲ, ಚೀಲದ ಮೇಲಿರುವ ತಗಡನ್ನು ತಿರುಗಿಸೋದು. ಇಂಗ್ಲಿಷ್ ವಿಡಿಯೋಗಳಲ್ಲಿ ಮೊದಲು ನೇರ ಗೆರೆ ಹಾಕಿಸುತ್ತಾರೆ, ಅದನ್ನೂ ಮಾಡಿ. ಆದರೆ ನಮ್ಮ ಅಕ್ಷರ ಪೂರ್ತಿ ಗುಂಡಗೆ ಅಲ್ವಾ? ಹಾಗಾಗಿ 'ರ', 'ಠ', 'ಉ' ಇವನ್ನೇ ನೂರು ಸಲ ಕೆತ್ತಿ. ಸ್ಟೀಲ್ ಪಾತ್ರೆ ಸದ್ಯಕ್ಕೆ ಮುಟ್ಟಲೇಬೇಡಿ.

ಬೀದರಿಗೆ ಹೋಗೋಕಾದರೆ ಬಿದರಿ ಕೆಲಸದವರ ಪಕ್ಕ ಒಂದು ಮಧ್ಯಾಹ್ನ ಕೂತು ಬನ್ನಿ. ಅವರದು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಲೋಹ. ಅದಕ್ಕೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಅದರ ಮೇಲೆ ಮೊನೆಯಿಂದ ನೇರವಾಗಿ ಬಳ್ಳಿ ಗೀರುತ್ತಾರೆ. ಕಪ್ಪಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಆಮೇಲೆ ಕಲಮ್ ಅನ್ನೋ ಸಣ್ಣ ಉಳಿಯಿಂದ ಕೆತ್ತಿ, ಆ ಕಾಲುವೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಹಿತ್ತಾಳೆ ಮೇಲೆ ಮೈಲುತುತ್ತ ಕೆಲಸ ಮಾಡಲ್ಲ. ನಾನು ಬಿಳಿ ಪೋಸ್ಟರ್ ಬಣ್ಣ ತೆಳ್ಳಗೆ ಹಚ್ಚಿ, ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಸೂಜಿಯಿಂದ ಗೀರಿಕೊಳ್ಳುತ್ತೇನೆ.

ಇನ್ನು ರೇಟು. ಅಕ್ಷರಕ್ಕೆ ಇಷ್ಟು ಅಂತ ಹೇಳೋಕೆ ಹೋಗಬೇಡಿ. ನಾನು ಮೊದಲು ಹಾಗೇ ಹೇಳುತ್ತಿದ್ದೆ. ಒಬ್ಬರು 'ಲಕ್ಷ್ಮಿ' ಅಂತ ಕೆತ್ತಿಸಿಕೊಂಡು "ಎರಡೇ ಅಕ್ಷರ ಅಲ್ವಾ" ಅಂತ ಎರಡರ ದುಡ್ಡು ಎಣಿಸಿ ಕೊಟ್ಟು ಹೋದರು. ಆ 'ಕ್ಷ್ಮಿ' ಒಂದೇ ನನ್ನ ಮುಕ್ಕಾಲು ಗಂಟೆ ತಿಂದಿತ್ತು! ಈಗ ಗಂಟೆ ಲೆಕ್ಕ. ಉದಾಹರಣೆಗೆ ಕುಂಕುಮದ ಭರಣಿಗೆ ಹೆಸರು, ಸುತ್ತ ಬಳ್ಳಿ ಅಂತಿಟ್ಟುಕೊಳ್ಳಿ. ಬರೆಯೋಕೆ 40 ನಿಮಿಷ, ಅರಗು ತುಂಬಿ ತೆಗೆಯೋಕೆ 20, ಕೆತ್ತೋಕೆ 75, ನಡುನಡುವೆ ಮಸೆದು ಕೊನೆಗೆ ಪಾಲಿಶ್ ಮಾಡೋಕೆ 30. ಒಟ್ಟು ಎರಡೂ ಮುಕ್ಕಾಲು ಗಂಟೆ. ಗಂಟೆಗೆ 400 ಹಿಡಿದರೆ 1,100 ರೂಪಾಯಿ. ನನ್ನ ಗಂಟೆ ಬೆಲೆ ಅದು, ನಿಮ್ಮದು ಊರು, ಕೈಚಳಕ ನೋಡಿಕೊಂಡು ಹಾಕಿ. ನೋಡಿ, ಕೆತ್ತಿದ್ದು ಅರ್ಧ ಹೊತ್ತೂ ಇಲ್ಲ. ಹೊಸಬರು ಆ 75 ನಿಮಿಷಕ್ಕೆ ಮಾತ್ರ ದುಡ್ಡು ಕೇಳಿ ಕೈಸುಟ್ಟುಕೊಳ್ಳುತ್ತಾರೆ. ಎಷ್ಟೇ ಚಿಕ್ಕ ಕೆಲಸವಾದರೂ ಇಷ್ಟಕ್ಕಿಂತ ಕಮ್ಮಿ ಇಲ್ಲ ಅಂತ ಒಂದು ಮೊತ್ತ ಇಟ್ಟುಕೊಳ್ಳಿ. ಲೇಸರ್ ಅಂಗಡಿಯವನ ಜೊತೆ ರೇಟಿನಲ್ಲಿ ಪೈಪೋಟಿ ಮಾತ್ರ ಬೇಡ, ಸೋಲುತ್ತೀರಿ.

ಬೆಳ್ಳಿ, ಬಂಗಾರ ಬಂದರೆ ಗಿರಾಕಿಯ ಎದುರಲ್ಲೇ ತೂಕ ಮಾಡಿ, ಫೋಟೋ ತೆಗೆದು, ಹಾಲ್‌ಮಾರ್ಕ್ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಕೆತ್ತಿದ ಚೂರನ್ನು ಪೊಟ್ಟಣ ಕಟ್ಟಿ ವಾಪಸ್ ಕೊಡಿ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತ ಸುಮ್ನೆ ಒಂದು ಕೆಟ್ಟ ಗಾದೆ ಬೇರೆ ಇದೆಯಲ್ಲ, ಅದರ ಪಾಲು ನಮಗೂ ಬರುತ್ತದೆ.

ಅಕ್ಕನ ತಟ್ಟೆ ವಿಷಯ. ಈ ಎರಡು ತಿಂಗಳು ದಿನಾ ಒಂದು ಗಂಟೆ ಹಿತ್ತಾಳೆ ಮೇಲೆ ಅವರಿಬ್ಬರ ಹೆಸರನ್ನೇ ಕೆತ್ತಿ. ಮದುವೆಗೆ ಹದಿನೈದು ದಿನ ಇರುವಾಗ ಎಡವಟ್ಟಿಲ್ಲದೆ ಸಾಲಾಗಿ ಮೂರು ಸಲ ಬಂದರೆ ತಟ್ಟೆ ಕೈಗೆತ್ತಿಕೊಳ್ಳಿ, ಅದೂ ಹಿಂಭಾಗಕ್ಕೆ. ಬರಲಿಲ್ಲವಾ, ಆ ಹಿತ್ತಾಳೆ ತಗಡುಗಳಲ್ಲೇ ಚೆನ್ನಾಗಿರೋದನ್ನು ಕತ್ತರಿಸಿ, ಅಂಚು ಅರ ಹಾಕಿ, ಅವರ ಹೊಸ ಮನೆ ಬಾಗಿಲಿಗೆ ನಾಮಫಲಕ ಮಾಡಿಕೊಡಿ. ತಟ್ಟೆ ಹಾಗೇ ಇರಲಿ.